ಲಾಬಿಯಲ್ಲಿ ಊದುವ ತಮ್ಮನಿಗೆ

ಶ್ರೀನಿವಾಸಪುರ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟು,

ಮೊನ್ನೆ ಫೋನಿನಲ್ಲಿ ನೀನು ಆಡಿದ ಮಾತಿಗೆ ನಾನು ಆಗ ಏನೂ ಹೇಳಲಿಲ್ಲ. ಫೋನಿನಲ್ಲಿ ಹೇಳಿದರೆ ‘ಸರಿ ಬಿಡಕ್ಕ’ ಅಂತ ಮುಗಿಸಿಬಿಡುತ್ತೀಯ. ಕಾಗದವಾದರೆ ನಡುವೆ ಬಾಯಿ ಹಾಕುವ ಹಾಗಿಲ್ಲ ನೋಡು, ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು.

ಮೊದಲು ಊರ ಸುದ್ದಿ. ಇಲ್ಲಿ ಈಗ ಮಾವಿನ ಸುಗ್ಗಿ. ನಿಮ್ಮ ಭಾವ ಇನ್ನೂ ಕತ್ತಲಿರುವಾಗಲೇ ಎದ್ದು ಮಂಡಿಗೆ ಹೋಗುತ್ತಾರೆ. ಬಾದಾಮಿ ಈ ಸಲ ಕಡಿಮೆ, ತೋತಾಪುರಿ ಮಾತ್ರ ಕೊಂಬೆ ಬಗ್ಗುವ ಹಾಗೆ ಬಿಟ್ಟಿದೆ. ಬಿಟ್ಟು ಏನು ಪ್ರಯೋಜನ, ಚಿತ್ತೂರು ಕಡೆಯ ಜ್ಯೂಸ್ ಫ್ಯಾಕ್ಟರಿಯವರು ಹೇಳಿದ್ದೇ ರೇಟು. ಕೋಲಾರದ ದಾರಿಯಲ್ಲಿ ನರಸಾಪುರದ ಕೆರೆ ನೋಡಿದರೆ ನಿನಗೆ ಗುರುತೇ ಸಿಗುವುದಿಲ್ಲ. 2018ರಲ್ಲಿ ಬೆಂಗಳೂರಿನಿಂದ ಕೆ.ಸಿ. ವ್ಯಾಲಿ ಯೋಜನೆಯ ಶುದ್ಧ ಮಾಡಿದ ನೀರು ಬರಲು ಶುರುವಾಯಿತಲ್ಲ, ನಾವು ಚಿಕ್ಕಂದಿನಲ್ಲಿ ಸೈಕಲ್ ಹೊಡೆದ ಕೆರೆಯಂಗಳಗಳಲ್ಲಿ ಈಗ ಬಾತುಕೋಳಿ ಈಜುತ್ತವೆ. ಬೆಂಗಳೂರಿನ ಕೊಳಚೆಯನ್ನು ಇನ್ನೊಂದು ಸಲ ಶುದ್ಧ ಮಾಡಿ ಕಳಿಸಿ ಎಂದು ರೈತರು ಕೇಳುತ್ತಲೇ ಇದ್ದಾರೆ. ನ್ಯಾಯವಾದ ಮಾತೇ. ಅಮ್ಮ ನನ್ನ ಹತ್ತಿರವೇ ಇದ್ದಾಳೆ. ಮೊಣಕಾಲು ನೋವು ಬಿಟ್ಟರೆ ಗಟ್ಟಿಯಾಗಿದ್ದಾಳೆ. ಹೋದ ವಾರ ಮುಳಬಾಗಿಲಿಗೆ ಕರೆದುಕೊಂಡು ಹೋಗಿದ್ದೆ. ಆಂಜನೇಯನ ದರ್ಶನ ಮುಗಿದ ಮೇಲೆ ತುಪ್ಪದ ದೋಸೆ ಬೇಕೇ ಬೇಕು ಎಂದು ಹಟ ಹಿಡಿದಳು. ಡಾಕ್ಟರು ತುಪ್ಪ ಬೇಡ ಅಂದಿದ್ದಾರೆ ಅಂದರೆ, ಡಾಕ್ಟರು ಮುಳಬಾಗಿಲಿನವರಲ್ಲ ಅಂದಳು!

ಸರಿ, ವಿಷಯಕ್ಕೆ ಬರುತ್ತೇನೆ. ನೀನು ಹೇಳಿದ್ದು ಇಷ್ಟು: ‘ಅಕ್ಕ, ದುಬೈನ ದೊಡ್ಡ ಹೋಟೆಲಿನ ಲಾಬಿಯಲ್ಲಿ ದಿನಾ ರಾತ್ರಿ ಊದ್ತೀನಿ. ಒಬ್ಬನೂ ತಲೆ ಎತ್ತಿ ನೋಡಲ್ಲ. ಸ್ಮೂತ್ ಜಾಜ್ ಅಂದರೆ ಲಿಫ್ಟಿನಲ್ಲಿ ಹಾಕೋ ಸಂಗೀತ ಅಂತ ಜಾಜ್‌ನವರೇ ನಗ್ತಾರೆ. ಅಪ್ಪನ ವಿದ್ಯೆ ಉಳಿಸಿಕೊಳ್ಳಲಿಲ್ಲ, ಇದೂ ಪೂರ್ತಿ ನನ್ನದಾಗಲಿಲ್ಲ.’

ಅಪ್ಪನ ವಿದ್ಯೆ ಎಂಥದಾಗಿತ್ತು ಎಂದು ನಿನಗೆ ಜ್ಞಾಪಕವಿದೆಯೋ ಇಲ್ಲವೋ. ನೀನು ಚಿಕ್ಕವನು, ನಾನು ನೋಡಿದಷ್ಟು ನೋಡಿಲ್ಲ. ಲಗ್ನದ ಕಾಲದಲ್ಲಿ ಅಪ್ಪ ಒಂದು ದಿನ ಕೋಲಾರದ ಛತ್ರ, ಮಾರನೇ ದಿನ ಮಾಲೂರು, ಅದರ ಮಾರನೇ ದಿನ ಇದೇ ಶ್ರೀನಿವಾಸಪುರ. ಬಸ್ಸಿನ ಟಾಪಿನ ಮೇಲೆ ಡೋಲು, ತೊಡೆಯ ಮೇಲೆ ಬಟ್ಟೆ ಸುತ್ತಿದ ನಾದಸ್ವರ. ಛತ್ರದಲ್ಲಿ ಅವರ ಜಾಗ ಯಾವಾಗಲೂ ಕಂಬದ ಪಕ್ಕ, ಒಂದು ಜಮಖಾನೆ. ಬೆಳಗಿನ ಜಾವ ಭೂಪಾಳ ಊದುವಾಗ ಅರ್ಧ ಜನ ನಿದ್ದೆಯಲ್ಲಿರುತ್ತಿದ್ದರು, ಉಳಿದರ್ಧ ಜನ ಬಿಸಿನೀರಿಗೆ ಕ್ಯೂ ನಿಂತಿರುತ್ತಿದ್ದರು. ಊಟದ ಪಂಕ್ತಿ ನಡೆಯುವಾಗ ಕಲ್ಯಾಣಿ ಎತ್ತಿಕೊಂಡರೆ, ಸಾರು ಬಂತಾ, ಪಲ್ಯ ಎಲ್ಲಿ ಎಂಬ ಕೂಗಿನ ನಡುವೆ ಆ ಕಲ್ಯಾಣಿ ಸಾಗಬೇಕು. ಅಪ್ಪ ಅದಕ್ಕಾಗಿ ಸ್ವರವನ್ನು ಒಂದಿಷ್ಟೂ ಸಡಿಲ ಬಿಡುತ್ತಿರಲಿಲ್ಲ. ಪುರೋಹಿತರು ಕೈಯೆತ್ತಿ ‘ಗಟ್ಟಿಮೇಳ’ ಎಂದಾಗ ಮಾತ್ರ ಎಲ್ಲರ ಕಿವಿಯೂ ಅಪ್ಪನ ಕಡೆ ತಿರುಗುತ್ತಿತ್ತು. ಅದೂ ಸಂಗೀತ ಕೇಳುವುದಕ್ಕಲ್ಲ, ಆ ಗಳಿಗೆಯಲ್ಲಿ ಅಪಶಕುನದ ಸದ್ದು, ಸೀನು, ಅಳು ಏನೂ ಕೇಳಬಾರದು ಅಂತ.

ಒಂದು ಸಲ ಮಾಲೂರಿನ ಮದುವೆಯಲ್ಲಿ ನಾದಸ್ವರದ ತುದಿಯ ಸೀವಾಳಿ ಸೀಳಿಹೋಯಿತು. ಅಪ್ಪ ಊದುವುದನ್ನು ನಿಲ್ಲಿಸಿ ಚೀಲದಲ್ಲಿ ಬೇರೆಯದು ಹುಡುಕತೊಡಗಿದರು. ಅಷ್ಟು ಹೊತ್ತು ಹರಟೆ ಹೊಡೆಯುತ್ತಿದ್ದ ಛತ್ರಕ್ಕೆ ಛತ್ರವೇ ಮಾತು ನಿಲ್ಲಿಸಿ ನಮ್ಮ ಕಡೆ ತಿರುಗಿತು. ಹುಡುಗಿಯ ಸೋದರಮಾವ ಓಡಿಬಂದು ಏನಾಯ್ತು ಸ್ವಾಮಿ ಎಂದು ಗಾಬರಿಯಿಂದ ಕೇಳಿದ. ಅಪ್ಪ ಬಸ್ಸಿನಲ್ಲಿ ವಾಪಸು ಬರುವಾಗ ನಗುತ್ತಾ ಹೇಳಿದ್ದರು: ‘ನೋಡಿದ್ಯಾ, ವಾಲಗ ಇರೋದು ಗೊತ್ತಾಗಲ್ಲ, ನಿಂತರೆ ಗೊತ್ತಾಗುತ್ತೆ.’ ನಿನ್ನ ಲಾಬಿಯ ಕತೆ ಕೇಳಿದಾಗ ನನಗೆ ಮೊದಲು ಹೊಳೆದದ್ದು ಇದೇ. ಜನ ಮಾತಾಡುವ ಕಡೆ, ಉಣ್ಣುವ ಕಡೆ, ಬಂದು ಹೋಗುವ ಕಡೆ ಕೂತು ಊದುವುದು ನಮ್ಮ ಮನೆತನದ ಕೆಲಸ ಕಣೋ. ಅಪ್ಪನ ವಿದ್ಯೆ ಬಿಟ್ಟೆ ಅಂತೀಯಲ್ಲ, ನೀನು ಕೂತಿರುವುದು ಅದೇ ಕಂಬದ ಪಕ್ಕದಲ್ಲಿ.

ಸ್ಯಾಕ್ಸೋಫೋನು ನಮ್ಮ ಮನೆಗೆ ಬಂದದ್ದು ಹೇಗೆ ಎಂಬುದನ್ನೂ ಬರೆಯುತ್ತೇನೆ. ನಿನ್ನ ಮಗನಿಗೆ ಓದಿ ಹೇಳು. 1994ರಲ್ಲಿ ಕೆ. ಬಾಲಚಂದರ್ ಅವರ ‘ಡ್ಯುಯೆಟ್’ ಬಂತು. ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ತಮಿಳು ಸಿನಿಮಾ ನೋಡುವುದು ನಮ್ಮ ಕಡೆಯವರಿಗೆ ಹೊಸದಲ್ಲವಲ್ಲ. ಪ್ರಭು ಅದರಲ್ಲಿ ಸ್ಯಾಕ್ಸೋಫೋನ್ ಊದುವ ಅಣ್ಣ, ನಮ್ಮ ರಮೇಶ್ ಅರವಿಂದ್ ತಮ್ಮ. ಪರದೆಯ ಮೇಲೆ ಪ್ರಭು ಊದುತ್ತಿದ್ದರೂ ಉಸಿರು ಕದ್ರಿ ಗೋಪಾಲನಾಥರದು. ಎ.ಆರ್. ರೆಹಮಾನ್ ಸಂಗೀತ. ಅವರೆದುರು ಗೋಪಾಲನಾಥರು ರಾಗದ ಮೇಲೆ ರಾಗ ನುಡಿಸಿ ತೋರಿಸುತ್ತಾ ಹೋಗಿ, ಕಡೆಗೆ ಕಲ್ಯಾಣವಸಂತಕ್ಕೆ ಒಪ್ಪಿಗೆ ಸಿಕ್ಕಿತಂತೆ. ಸಿನಿಮಾ ಮುಗಿದು ಹೊರಗೆ ಬಂದಾಗ ನೀನು ಅಪ್ಪನ ಕೈ ಹಿಡಿದುಕೊಂಡು ಅದು ಬೇಕು ಅಂದೆ. ಅಪ್ಪ ಬೈಯುತ್ತಾರೆ ಅಂದುಕೊಂಡಿದ್ದೆ. ಆ ಮನುಷ್ಯ ಬೆಂಗಳೂರಿನ ಬ್ಯಾಂಡ್‌ಸೆಟ್‌ನವರೊಬ್ಬರಿಂದ ಹಳೇ ಆಲ್ಟೋ ಸ್ಯಾಕ್ಸೋಫೋನ್ ಒಂದನ್ನು ಕಂತಿನ ಮೇಲೆ ತಂದರು. ಪ್ಯಾಡುಗಳೆಲ್ಲ ಒಣಗಿ ಗಾಳಿ ಸೋರುತ್ತಿತ್ತು. ನಾದಸ್ವರದವನ ಮಗ ನಾದಸ್ವರ ಬಿಟ್ಟು ಇಂಗ್ಲಿಷ್ ವಾದ್ಯ ಹಿಡಿದ ಎಂದು ಡೋಲಿನ ಮಾವ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದರು. ಅಪ್ಪ ಅವರಿಗೆ ಕೊಟ್ಟ ಉತ್ತರ ಒಂದೇ: ಕದ್ರಿಯವರೂ ನಾದಸ್ವರದವರ ಮಗನೇ.

ಅದು ನಿಜ. ಈಚೆಗೆ ಸ್ಕೂಲಿನಲ್ಲಿ ಮಕ್ಕಳಿಗೆ ಅವರ ಬಗ್ಗೆ ಹೇಳಬೇಕಾಗಿ ಬಂದು ನಾನು ಕೂತು ಓದಿದೆ. ನಿನಗೆ ಗೊತ್ತಿರುವುದೇ ಇರಬಹುದು, ಆದರೂ ಇನ್ನೊಮ್ಮೆ ಕೇಳು. ಹುಟ್ಟಿದ್ದು 1949ರಲ್ಲಿ, ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ. ತಂದೆ ತನಿಯಪ್ಪ ನಾದಸ್ವರ ವಿದ್ವಾಂಸರು. ಮಗನಿಗೂ ಮೊದಲ ಪಾಠ ನಾದಸ್ವರದ್ದೇ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸ್ಸು ಅದರ ಮೇಲೆ ಹೋಯಿತು. (ಆ ಅರಮನೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ತಾವೇ ಸ್ಯಾಕ್ಸೋಫೋನ್ ನುಡಿಸುತ್ತಿದ್ದರೆಂದು ಬರೆದವರಿದ್ದಾರೆ.) ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್ ಅವರ ಹತ್ತಿರ ಪಾಠ, ಆಮೇಲೆ ಮದ್ರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರ ಹತ್ತಿರ. ಅವರಿಬ್ಬರೂ ಸ್ಯಾಕ್ಸೋಫೋನಿನವರಲ್ಲ ಅನ್ನುವುದನ್ನು ಗಮನಿಸು. ಹಾಡಿ ತೋರಿಸಿದ್ದನ್ನು ಆ ಲೋಹದ ಕೊಳವೆಯೊಳಗೆ ಇವರೇ ಹುಡುಕಿಕೊಳ್ಳಬೇಕಾಗಿತ್ತು.

ಹುಡುಕುವುದು ಎಷ್ಟು ಕಷ್ಟ ಎಂಬುದು ನನಗಿಂತ ನಿನಗೆ ಗೊತ್ತು. ನಾದಸ್ವರದಲ್ಲಿ ರಂಧ್ರದ ಮೇಲೆ ಬೆರಳಿದೆ. ಅರ್ಧ ಮುಚ್ಚಬಹುದು, ಕಾಲು ತೆರೆಯಬಹುದು, ಜಾರಿಸಬಹುದು. ಸ್ಯಾಕ್ಸೋಫೋನಿನಲ್ಲಿ ಬೆರಳಿಗೂ ರಂಧ್ರಕ್ಕೂ ನಡುವೆ ಕೀಲಿ, ಸ್ಪ್ರಿಂಗು, ಚರ್ಮದ ಪ್ಯಾಡು. ಬೆಲ್ಜಿಯಂನ ದಿನಾಂ ಎಂಬ ಊರಿನ ಅಡಾಲ್ಫ್ ಸ್ಯಾಕ್ಸ್ ಅದಕ್ಕೆ 1846ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ತೆಗೆದುಕೊಂಡಾಗ ಅವನ ತಲೆಯಲ್ಲಿದ್ದದ್ದು ಮಿಲಿಟರಿ ಬ್ಯಾಂಡು, ತೋಡಿ ರಾಗದ ಗಾಂಧಾರವಲ್ಲ. ಅಂಥ ವಾದ್ಯದಲ್ಲಿ ಗಮಕ ಬರಬೇಕಾದರೆ ತುಟಿಯ ಒತ್ತಡ, ಗಂಟಲು, ಅರ್ಧ ಒತ್ತಿದ ಕೀಲಿ ಎಲ್ಲ ಸೇರಿ ಕೆಲಸ ಮಾಡಬೇಕು. ಗೋಪಾಲನಾಥರಿಗೆ ಅದು ಕೈವಶವಾಗಲು ಹತ್ತಿರಹತ್ತಿರ ಇಪ್ಪತ್ತು ವರ್ಷ ಹಿಡಿಯಿತು. ಇಪ್ಪತ್ತು ವರ್ಷ, ಪುಟ್ಟು. ಜನರಿಗೆ ನೆನಪಿರುವುದು ಅವರ ರೇಷ್ಮೆ ಜುಬ್ಬ, ಹಣೆಯ ದೊಡ್ಡ ಕುಂಕುಮ, ‘ಸ್ಯಾಕ್ಸೋಫೋನ್ ಚಕ್ರವರ್ತಿ’ ಎಂಬ ಬಿರುದು. ಮದ್ರಾಸಿನಲ್ಲಿ ಚೆಂಬೈ ಟ್ರಸ್ಟಿನ ವೇದಿಕೆ ಸಿಕ್ಕಿದ್ದು ಆ ದುಡಿಮೆಯ ಮೇಲೆ. ದೇವರಕೋಣೆಗೆ ಚಪ್ಪಲಿ ಹಾಕಿಕೊಂಡು ಬಂದವರನ್ನು ನೋಡುವ ಹಾಗೆ ಸ್ಯಾಕ್ಸೋಫೋನನ್ನು ನೋಡುತ್ತಿದ್ದ ಕಛೇರಿ ಲೋಕ, ಪಿಟೀಲಿನ ಎ. ಕನ್ಯಾಕುಮಾರಿಯವರಂಥ ದೊಡ್ಡವರು ಅವರ ಪಕ್ಕ ಕೂತು ನುಡಿಸುವ ಮಟ್ಟಕ್ಕೆ ಬಂತು.

ಜಾಜ್‌ನವರು ನಗುತ್ತಾರೆ ಅಂದೆಯಲ್ಲ, ಈಗ ಜಾಜ್‌ನವರ ಮಾತಿಗೆ ಬರೋಣ. 1980ರ ಬೊಂಬಾಯಿ ಜಾಜ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಗೋಪಾಲನಾಥರನ್ನು ಕೇಳಿದರು. ಹ್ಯಾಂಡಿ ಸಣ್ಣ ಕುಳವಲ್ಲ. ಚಾರ್ಲ್ಸ್ ಮಿಂಗಸ್‌ನ ತಂಡದಲ್ಲಿದ್ದವರು, ಅಲಿ ಅಕ್ಬರ್ ಖಾನರ ಜೊತೆ ರೆಕಾರ್ಡ್ ಮಾಡಿದ್ದವರು. ಕೇಳಿದವರೇ, ನಿಮ್ಮ ಜೊತೆ ವೇದಿಕೆಯ ಮೇಲೆ ನಾನೂ ನುಡಿಸಬಹುದೇ ಎಂದು ತಾವಾಗಿ ಕೇಳಿಕೊಂಡರಂತೆ. ಅಲ್ಲಿಂದ ಪ್ರಾಗ್, ಬರ್ಲಿನ್, ಮೆಕ್ಸಿಕೋ, ಪ್ಯಾರಿಸ್. 1994ರಲ್ಲಿ, ‘ಡ್ಯುಯೆಟ್’ ಬಂದ ವರ್ಷವೇ, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವ. ಕರ್ನಾಟಕ ಸಂಗೀತದವರಿಗೆ ಅಲ್ಲಿಗೆ ಕರೆ ಬಂದದ್ದು ಅದೇ ಮೊದಲು. ಮುಂದೆ ಕೊಳಲಿನ ಜೇಮ್ಸ್ ನ್ಯೂಟನ್ ಜೊತೆ ‘ಸದರ್ನ್ ಬ್ರದರ್ಸ್’ ಆಲ್ಬಮ್. 1996ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 2004ರಲ್ಲಿ ಪದ್ಮಶ್ರೀ.

ರುದ್ರೇಶ್ ಮಹಾಂತಪ್ಪನ ಕತೆ ನನಗೆ ಎಲ್ಲಕ್ಕಿಂತ ಹಿಡಿಸಿತು. ಕರ್ನಾಟಕ ಮೂಲದ ಮನೆಯ ಹುಡುಗ, ಹುಟ್ಟಿದ್ದು ಇಟಲಿಯಲ್ಲಿ, ಬೆಳೆದದ್ದು ಅಮೆರಿಕದ ಕೊಲರಾಡೊದಲ್ಲಿ. ಬಾಸ್ಟನ್ನಿನ ಬರ್ಕ್ಲಿಯಲ್ಲಿ ಜಾಜ್ ಸ್ಯಾಕ್ಸೋಫೋನ್ ಓದುತ್ತಿದ್ದಾಗ ಅವನ ಅಣ್ಣ ತಮಾಷೆಗೆಂದು ಒಂದು ಆಲ್ಬಮ್ ತಂದುಕೊಟ್ಟ. ಹೆಸರು ‘ಸ್ಯಾಕ್ಸೋಫೋನ್ ಇಂಡಿಯನ್ ಸ್ಟೈಲ್’, ನುಡಿಸಿದವರು ಕದ್ರಿ ಗೋಪಾಲನಾಥ್. ತಮಾಷೆಗೆ ಕೊಟ್ಟದ್ದು ತಮ್ಮನ ದಾರಿಯನ್ನೇ ತಿರುಗಿಸಿತು. ವರ್ಷಗಳ ನಂತರ ಅವನು ಮದ್ರಾಸಿಗೆ ಬಂದು ಗೋಪಾಲನಾಥರ ಹತ್ತಿರ ಕೂತ. 2008ರಲ್ಲಿ ಇಬ್ಬರೂ ಸೇರಿ ‘ಕಿನ್ಸ್‌ಮೆನ್’ ಹೊರತಂದರು, ಕನ್ಯಾಕುಮಾರಿಯವರೂ ಅದರಲ್ಲಿದ್ದಾರೆ. ಇವತ್ತು ಅವನು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಜಾಜ್ ಕಲಿಸುವ ಮೇಷ್ಟರು. ಒಡಹುಟ್ಟಿದವರು ಕೊಟ್ಟದ್ದನ್ನು ಹಗುರವಾಗಿ ತೆಗೆದುಕೊಳ್ಳಬಾರದು, ಇಷ್ಟೇ ನನ್ನ ತಕರಾರು. ಆ ‘ಕಿನ್ಸ್‌ಮೆನ್’ ನಿನಗೆ ಕಳಿಸಿದ್ದೆನಲ್ಲ, ಕೇಳಿದೆಯಾ? ಕೇಳಿಲ್ಲ ಅಂತ ಗೊತ್ತು.

ಇನ್ನು ನಿನ್ನ ಸ್ಮೂತ್ ಜಾಜ್. ನೀನು ನುಡಿಸುವುದರ ಮೇಲೆ ನಿನಗೇ ಇಷ್ಟು ತಾತ್ಸಾರ ಬಂದಿದೆಯಲ್ಲ ಎಂದು ನಾನೇ ಕೇಳಲು ಶುರು ಮಾಡಿದೆ. ಉತ್ತರಪತ್ರಿಕೆ ತಿದ್ದುವಾಗ ಹಾಕಿಕೊಂಡು ಕೂರುತ್ತೇನೆ. ಆ ಹೆಸರು ಇಟ್ಟದ್ದೇ ಅಮೆರಿಕದ ರೇಡಿಯೋ ಸ್ಟೇಷನ್ನಿನವರು, 1980ರ ದಶಕದ ಕೊನೆಗೆ. ಆಫೀಸಿನಲ್ಲಿ, ಕಾರಿನಲ್ಲಿ, ಕೆಲಸ ಕೆಡದ ಹಾಗೆ ಕೇಳುವ ಸಂಗೀತ ಎಂದು ಮಾರಿದರು. ಹೆಸರು ಇಡುವುದಕ್ಕೆ ಮೊದಲೇ ಅದನ್ನು ನುಡಿಸಿದವರು ಗ್ರೋವರ್ ವಾಷಿಂಗ್ಟನ್ ಜೂನಿಯರ್. ಬಫಲೋ ಎಂಬ ಊರಿನವರು, ಅವರ ತಂದೆಯೂ ಸ್ಯಾಕ್ಸೋಫೋನ್ ನುಡಿಸುತ್ತಿದ್ದವರೇ. ಒಂದು ರೆಕಾರ್ಡಿಂಗಿಗೆ ಬರಬೇಕಿದ್ದ ಹ್ಯಾಂಕ್ ಕ್ರಾಫರ್ಡ್ ಬರಲಾಗದೆ ಹೋದಾಗ ಬದಲಿಗೆ ನಿಂತವರು ಇವರು. ಅದೇ ಅವರ ಮೊದಲ ಆಲ್ಬಮ್ ಆಯಿತು. 1980ರ ‘ವೈನ್‌ಲೈಟ್’ ಕೇಳು, ಬಿಲ್ ವಿದರ್ಸ್ ಹಾಡಿರುವ ಒಂದು ಹಾಡೂ ಅದರಲ್ಲಿದೆ. ಮೆತ್ತಗಿದೆ ನಿಜ, ಆದರೆ ಎಲ್ಲೂ ಪೊಳ್ಳಿಲ್ಲ. ಪ್ರತಿ ಸ್ವರದ ಕೆಳಗೂ ಉಸಿರು ತುಂಬಿದೆ. ಅಪ್ಪ ಕೇಳಿದ್ದರೆ ತಲೆದೂಗುತ್ತಿದ್ದರು.

ಅದೇ ಸ್ಮೂತ್ ಜಾಜ್‌ನ ಕೆನ್ನಿ ಜಿ ಬಗ್ಗೆ ಹೀಗೆ ಹೇಳಲಾರೆ. ಅವನ ‘ಬ್ರೆತ್‌ಲೆಸ್’ 1992ರಲ್ಲಿ ಬಂದು ಅಮೆರಿಕವೊಂದರಲ್ಲೇ ಒಂದು ಕೋಟಿಗೂ ಹೆಚ್ಚು ಮಾರಾಟವಾಯಿತು. 1997ರಲ್ಲಿ ನ್ಯೂಯಾರ್ಕಿನ ಅಂಗಡಿಯೊಂದರಲ್ಲಿ ಒಂದೇ ಸ್ವರವನ್ನು 45 ನಿಮಿಷಕ್ಕೂ ಮೀರಿ ಹಿಡಿದು ನಿಂತ. ಮೂಗಿನಲ್ಲಿ ಉಸಿರೆಳೆದುಕೊಂಡು ಕೆನ್ನೆಯ ಗಾಳಿಯಲ್ಲಿ ಊದುವ ಆ ಉಪಾಯ ನಮ್ಮ ಮುಖವೀಣೆಯವರಿಗೂ ಪುಂಗಿಯವರಿಗೂ ಹೊಸದೇನಲ್ಲ ಬಿಡು. ಲೂಯಿ ಆರ್ಮ್‌ಸ್ಟ್ರಾಂಗ್‌ನ ಹಳೆಯ ಹಾಡಿನ ಮೇಲೆ ತನ್ನ ಊದುವಿಕೆ ಸೇರಿಸಿದಾಗ ಗಿಟಾರಿನ ಪ್ಯಾಟ್ ಮೆಥೆನಿ ಅವನನ್ನು ಹಿಗ್ಗಾಮುಗ್ಗಾ ಬೈದರು. ಅವನ ಸಂಗೀತ ನನಗೆ ಸಕ್ಕರೆ ಹೆಚ್ಚು ಅನ್ನಿಸುತ್ತದೆ. ಆದರೂ ಅವನ ವಿಷಯದಲ್ಲಿ ಒಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು. ಚೀನಾದಲ್ಲಿ ಮಾಲ್, ಸ್ಕೂಲು, ರೈಲ್ವೆ ಸ್ಟೇಷನ್ನುಗಳಲ್ಲಿ ಹೊತ್ತು ಮುಗಿಯಿತು ಎಂದು ತಿಳಿಸಲು ಅವನ ‘ಗೋಯಿಂಗ್ ಹೋಮ್’ ಹಾಕುತ್ತಾರೆ. ಅದು ಕೇಳಿದ ಕೂಡಲೇ ಜನ ಚೀಲ ಎತ್ತಿಕೊಂಡು ಮನೆಗೆ ಹೊರಡುತ್ತಾರಂತೆ. ಅಪ್ಪ ಮಂಗಳ ಊದಿದ ಮೇಲೆ ಛತ್ರದಲ್ಲಿ ಇನ್ನೇನು ನಡೆಯುತ್ತಿತ್ತು ಹೇಳು?

ಹಾಗಂತ ಗೋಪಾಲನಾಥರನ್ನೂ ಕೆನ್ನಿ ಜಿಯನ್ನೂ ಒಂದೇ ತಕ್ಕಡಿಯಲ್ಲಿಟ್ಟು ಎರಡೂ ಸ್ಯಾಕ್ಸೋಫೋನೇ ಎನ್ನುವವರ ಜೊತೆ ನಾನಿಲ್ಲ. ಫ್ಯೂಷನ್ ಹೆಸರಿನಲ್ಲಿ ಗೋಪಾಲನಾಥರು ಸೇರಿಕೊಂಡ ಕೆಲವು ಗದ್ದಲಗಳೂ ನನಗೆ ಹಿಡಿಸಿಲ್ಲ. ಕದನಕುತೂಹಲದ ‘ರಘುವಂಶಸುಧಾ’ ಎಂದರೆ ಸಭೆ ಕುಣಿಯುತ್ತಿತ್ತು, ಸರಿ. ಆದರೆ ಅವರು ಯಾವುದಾದರೂ ರಾಗವನ್ನು ನಿಧಾನವಾಗಿ ಕೆಳಗಿನ ಷಡ್ಜದಿಂದ ಎತ್ತಿಕೊಂಡು ಬರುವಾಗ ಆ ಹಿತ್ತಾಳೆ ಕರಗಿ ಕಂಠವಾಗುತ್ತಿತ್ತು. ಬೆಂಗಳೂರಿನ ರಾಮೋತ್ಸವದ ಪೆಂಡಾಲಿನಲ್ಲಿ ಅಪ್ಪ ಅದನ್ನು ಕೇಳಿ ಕಣ್ಣೊರೆಸಿಕೊಂಡಿದ್ದನ್ನು ನೀನೂ ನೋಡಿದ್ದೀಯ. ಕೊನೆಗೆ ಅವರು ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಎತ್ತಿಕೊಂಡಾಗ ಹಿಂದೆ ಕೂತಿದ್ದ ಹೆಂಗಸರೆಲ್ಲ ಜೊತೆಗೆ ಹಾಡಿದರು. ಆ ಹಾಡು ಕಟ್ಟಿದ ಪುರಂದರದಾಸರ ಗುರು ವ್ಯಾಸತೀರ್ಥರು, ವ್ಯಾಸತೀರ್ಥರ ಗುರು ಶ್ರೀಪಾದರಾಜರು. ಶ್ರೀಪಾದರಾಜರ ಬೃಂದಾವನ ನಮ್ಮ ಮುಳಬಾಗಿಲಿನ ನರಸಿಂಹತೀರ್ಥದಲ್ಲಿದೆ. ಹೈವೇ ಪಕ್ಕದಲ್ಲೇ ಇದೆ, ಚಿಕ್ಕಂದಿನಲ್ಲಿ ನಾವು ಅಲ್ಲಿನ ಕಲ್ಯಾಣಿಯ ಮೆಟ್ಟಿಲ ಮೇಲೆ ಪುಳಿಯೋಗರೆ ತಿಂದಿದ್ದೇವೆ. ದುಬೈನಲ್ಲಿ ಯಾರಾದರೂ ನಿನ್ನನ್ನು ಯಾವ ಊರು, ಅಲ್ಲೇನಿದೆ ಎಂದು ಕೇಳಿದರೆ ಇದನ್ನೂ ಹೇಳು. ಬರೀ ಕೆಜಿಎಫ್ ಪಕ್ಕ ಅಂತ ಹೇಳಬೇಡ.

ಗೋಪಾಲನಾಥರು ಹೋದದ್ದು 2019ರ ಅಕ್ಟೋಬರ್ 11ರಂದು, ಮಂಗಳೂರಿನಲ್ಲಿ. ಅವತ್ತು ನೀನು ಫೋನ್ ಮಾಡಿ ಬಹಳ ಹೊತ್ತು ಏನೂ ಮಾತಾಡಲಿಲ್ಲ. ಅಪ್ಪ ಅಷ್ಟರಲ್ಲಿ ಇರಲಿಲ್ಲ. ಅಮ್ಮ ಮಾತ್ರ, ‘ಅವರ ಮಗ ಸಿನಿಮಾಕ್ಕೆ ಸಂಗೀತ ಮಾಡ್ತಾನಂತಲ್ಲ, ಮುಂದುವರಿಸ್ತಾನೆ ಬಿಡು’ ಅಂದಳು. ಮಣಿಕಾಂತ್ ಕದ್ರಿಯ ‘ಸವಾರಿ’ಯ ಹಾಡುಗಳನ್ನು ಅವಳು ಇವತ್ತಿಗೂ ಗುನುಗುತ್ತಾಳೆ. ಆ ಮಗ ತಂದೆಯ ವಾದ್ಯ ಹಿಡಿಯಲಿಲ್ಲ, ತನ್ನ ದಾರಿ ತಾನು ಮಾಡಿಕೊಂಡ. ಅದಕ್ಕೆ ಯಾರೂ ಅವನನ್ನು ದೂರಲಿಲ್ಲ.

ನನಗೆ ನಿನ್ನ ಸಂಗೀತಕ್ಕಿಂತ ನಿನ್ನ ಮೈಯ ಚಿಂತೆ ಹೆಚ್ಚು. ಗ್ರೋವರ್ ವಾಷಿಂಗ್ಟನ್ ಹೇಗೆ ಹೋದರು ಗೊತ್ತಾ? 1999ರ ಡಿಸೆಂಬರ್ 17ರಂದು ನ್ಯೂಯಾರ್ಕಿನ ಟಿವಿ ಸ್ಟುಡಿಯೋದಲ್ಲಿ ನಾಲ್ಕು ಹಾಡು ನುಡಿಸಿ, ಒಳಗಿನ ಕೋಣೆಯಲ್ಲಿ ಕೂತಿದ್ದವರು ಹಾಗೇ ಕುಸಿದರು. ಹೃದಯಾಘಾತ. ಐವತ್ತಾರೇ ವಯಸ್ಸು. ನಿನಗೂ ನಲವತ್ತು ದಾಟಿತು. ರಾತ್ರಿ ಒಂದಕ್ಕೆ ಊಟ, ಮಧ್ಯಾಹ್ನ ಹನ್ನೆರಡಕ್ಕೆ ಏಳುವುದು, ಆ ಎಸಿ ಗಾಳಿ. ಅಪ್ಪನಿಗೆ ಕಡೆಗಾಲದಲ್ಲಿ ಹಲ್ಲು ಅಲ್ಲಾಡಲು ಶುರುವಾಗಿ ಸೀವಾಳಿ ಹಿಡಿಯಲಾಗದೆ ಎಷ್ಟು ನೊಂದರು ಎಂಬುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಹಲ್ಲಿನ ಡಾಕ್ಟರ ಹತ್ತಿರ ಹೋಗು. ಸಿಗರೇಟು ಬಿಟ್ಟಿದ್ದೀನಿ ಅಂತ ಹೇಳಿದ್ದೀಯ. ನಂಬಿದ್ದೇನೆ.

ಇನ್ನೊಂದು ಮಾತು ಕೇಳುತ್ತೀಯಾ? ಹೋಟೆಲಿನಲ್ಲಿ ಅವರು ಹಾಕುವ ಟ್ರ್ಯಾಕಿನ ಮೇಲೆ ಊದು, ಅದು ಅನ್ನ. ಆದರೆ ದಿನಕ್ಕೆ ಒಂದು ಗಂಟೆ ಟ್ರ್ಯಾಕಿಲ್ಲದೆ, ಬರೀ ಶ್ರುತಿ ಇಟ್ಟುಕೊಂಡು ಊದು. ಯಾವುದಾದರೂ ಒಂದೇ ರಾಗ ತಿಂಗಳುಗಟ್ಟಲೆ. ಅಪ್ಪ ನಿನಗೆ ಹೇಳಿಕೊಟ್ಟ ಬೌಳಿ ಇನ್ನೂ ಬೆರಳಲ್ಲಿದೆಯಾ ನೋಡು. ಆಮೇಲೆ ಒಂದು ರಾತ್ರಿ, ಜನ ಕಡಿಮೆಯಾದ ಹೊತ್ತಿನಲ್ಲಿ, ಆ ಲಾಬಿಯಲ್ಲಿ ನೀಲಾಂಬರಿ ಊದಿ ನೋಡು. ಮ್ಯಾನೇಜರಿಗೆ ಅದು ಸ್ಮೂತ್ ಜಾಜೇ ಅನ್ನಿಸುತ್ತದೆ, ಚಿಂತೆ ಮಾಡಬೇಡ.

ನಮ್ಮ ಕಡೆ ಈಗ ಹೇಗಿದೆ ಗೊತ್ತಾ? ಕೋಲಾರದ ದೊಡ್ಡ ಮದುವೆಗಳಲ್ಲಿ ವಾಲಗದವರ ನಡುವೆ ಒಂದು ಸ್ಯಾಕ್ಸೋಫೋನ್ ಇರಲೇಬೇಕು. ಕರಾವಳಿಯಲ್ಲಂತೂ ಭೂತಕೋಲಕ್ಕೂ ಅದೇ. ನಿನ್ನ ಜೊತೆ ಮಾತು ಬಿಟ್ಟಿದ್ದ ಡೋಲಿನ ಮಾವನ ಮೊಮ್ಮಗಳು, ಎಂಟನೇ ಕ್ಲಾಸು, ನಮ್ಮ ಸ್ಕೂಲಿನಲ್ಲೇ ಓದುತ್ತಾಳೆ. ಎಂ.ಎಸ್. ಲಾವಣ್ಯ ಅವರ ಸ್ಯಾಕ್ಸೋಫೋನ್ ಕಛೇರಿಯನ್ನು ಮೊಬೈಲಿನಲ್ಲಿ ನೋಡಿ ತನಗೂ ಕಲಿಸಿ ಎಂದು ಹಟ ಹಿಡಿದು ಕೂತಿದ್ದಾಳೆ. ತಾತನೇ ಅವಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಬಂದು, ‘ನಿನ್ನ ತಮ್ಮನ ಹಳೇದು ಅಟ್ಟದ ಮೇಲಿದೆಯಲ್ಲಮ್ಮ’ ಅಂದರು. ನಾನು ಇಳಿಸಿ ಕೊಟ್ಟೆ. ಬೆಂಗಳೂರಿಗೆ ಕಳಿಸಿ ಪ್ಯಾಡು ಹಾಕಿಸಿದ್ದಾಗಿದೆ. ಈಗ ಗಾಳಿ ಸೋರುವುದಿಲ್ಲ. ನಿನ್ನನ್ನು ಕೇಳದೆ ಕೊಟ್ಟೆ, ಕೇಳಿದ್ದರೂ ನೀನು ಕೊಡು ಅನ್ನುತ್ತಿದ್ದೆ ಎಂದು ಗೊತ್ತಿತ್ತು. ಶ್ರುತಿ ನಿಲ್ಲುವುದಿಲ್ಲ ಅವಳಿಗೆ, ಕೀಚ್ ಅನ್ನುತ್ತದೆ. ತುಟಿ ಹೇಗೆ ಹಿಡಿಯಬೇಕು ಎಂದು ಹೇಳಿಕೊಡುವವರು ಇಲ್ಲಿ ಹತ್ತಿರ ಯಾರೂ ಇಲ್ಲ.

ಅದಕ್ಕೆ ನಿನ್ನಿಂದ ಎರಡು ಕೆಲಸ ಆಗಬೇಕು. ಆಲ್ಟೋಗೆ ಎರಡನೇ ನಂಬರಿನ ರೀಡು ಒಂದು ಪೆಟ್ಟಿಗೆ ಕಳಿಸು. ಇಲ್ಲಿ ಸಿಗುವುದು ಬಹಳ ಗಡುಸು, ಮಗುವಿನ ಉಸಿರು ಸಾಲುವುದಿಲ್ಲ. ಇನ್ನೊಂದು, ಭಾನುವಾರ ನಿನಗೆ ರಜ ಅಲ್ಲವೇ, ಬೆಳಗ್ಗೆ ಹತ್ತು ಗಂಟೆಗೆ ನನ್ನ ನಂಬರಿಗೆ ವಿಡಿಯೋ ಕಾಲ್ ಮಾಡು. ಅವಳನ್ನು ಕೂರಿಸಿಕೊಂಡಿರುತ್ತೇನೆ. ನಮ್ಮ ಹತ್ತು ಗಂಟೆ ಅಂದರೆ ನಿನಗೆ ಎಂಟೂವರೆ, ಅಲಾರಂ ಇಟ್ಟುಕೋ.

ನಿನ್ನ ಅಕ್ಕ